ಒಂದು ಜೇಡಕ್ಕೆ ಒಂದು ಪೆಟ್ಟಿಗೆ

ಲೂಕಾಂಗ್ ಊರಿನಲ್ಲಿ ಬಾಯಿ ತುಂಬ ನಗುವ ಮುದುಕರಲ್ಲಿ ಅರ್ಧಕ್ಕರ್ಧ ಜನರ ಹಲ್ಲು ತೂ ಶಿಯು-ಯುನ್ ಮಾಡಿದ್ದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆಕೆ ತನ್ನ ಮನೆಯ ಕೆಳಗಿನ ಕೋಣೆಯಲ್ಲಿ ಕೂತು ಮೇಣ ತಿದ್ದಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾಳೆ. ಮೂವತ್ತು ವರ್ಷದಿಂದ ಇದೇ ಕಸುಬು. ಅಷ್ಟು ಕಾಲ ಜನರ ಬಾಯೊಳಗನ್ನೇ ನೋಡಿದವಳಿಗೆ ಜನರ ಮೇಲೆ ಗೌರವ ಉಳಿಯುವುದು ಕಷ್ಟ. ಬೀದಿಯಲ್ಲಿ ಯಾರಾದರೂ ದೊಡ್ಡಸ್ತಿಕೆ ಕೊಚ್ಚುತ್ತಿದ್ದರೆ ಆಕೆಯ ಕಣ್ಣು ಅವರ ಮುಖಕ್ಕೆ ಹೋಗುವುದಿಲ್ಲ, ಒಸಡಿಗೆ ಹೋಗುತ್ತದೆ. ಎರಡು ಹೊತ್ತು ಹಲ್ಲುಜ್ಜಲಾರದ ಗಂಡಸು ದೇಶ ಉದ್ಧಾರದ ಮಾತಾಡುತ್ತಾನಲ್ಲ ಎಂದುಕೊಂಡು ಮುಂದೆ ಹೋಗುತ್ತಾಳೆ.

ಮನೆತನದ ಹೆಸರು ತೂ. ನಮ್ಮ ಕಿವಿಗೆ ಅದು ಉಗಿದ ಹಾಗೆ ಕೇಳಿಸುತ್ತದೆ. ಆಕೆಯ ಪರಿಚಯ ಇರುವವರಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಊರವರೆಲ್ಲ ತೂ ಅಕ್ಕ ಅನ್ನುತ್ತಾರೆ. ವಯಸ್ಸು ಐವತ್ತೆಂಟು. ಮದುವೆಯಾಗಲಿಲ್ಲ. ಹುಡುಗನನ್ನು ನೋಡಲು ಹೋದಾಗೆಲ್ಲ ಅವನ ಹಲ್ಲು ನೋಡಿ ವಾಪಸು ಬಂದಳು ಎಂದು ಊರವರು ನಗೆಯಾಡುತ್ತಾರೆ. ಅದು ಪೂರ್ತಿ ಸುಳ್ಳಲ್ಲ.

ಆಕೆಯ ಮನೆಯ ಮಹಡಿಯಲ್ಲಿ ಇಪ್ಪತ್ತೇಳು ಪ್ಲಾಸ್ಟಿಕ್ ಪೆಟ್ಟಿಗೆಗಳಿವೆ. ಪ್ರತಿಯೊಂದರಲ್ಲೂ ತೆಂಗಿನ ನಾರಿನ ಪುಡಿ, ಒಂದು ತುಂಡು ತೊಗಟೆ, ಬಾಟಲಿ ಮುಚ್ಚಳದಲ್ಲಿ ನೀರು, ಮತ್ತು ಅಂಗೈಯಗಲದ ಒಂದು ರೋಮದ ಜೇಡ. ಟರಂಟುಲಾ ಅನ್ನುತ್ತಾರಲ್ಲ, ಅದು. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಮೆಕ್ಸಿಕೋ ಕಡೆಯ ಕೆಂಪು ಮಂಡಿಯ ಹೆಣ್ಣು. ಕೆನಡಾಕ್ಕೆ ಹೋಗಿ ನೆಲೆಸಿದ ದಂತವೈದ್ಯನೊಬ್ಬ, ಸಾಕಲು ಯಾರೂ ಸಿಗದೆ, ಹಲ್ಲಿನ ಅಚ್ಚುಗಳ ಜೊತೆ ಅದನ್ನೂ ಒಂದು ಡಬ್ಬಿಯಲ್ಲಿ ಹಾಕಿ ಕಳಿಸಿಬಿಟ್ಟಿದ್ದ. ಆಗ ಅದು ಹೆಬ್ಬೆರಳಿನ ಉಗುರಿನಷ್ಟಿತ್ತು. ಈಗ ಇಪ್ಪತ್ತೆರಡು ವರ್ಷ. ಜೇಡಗಳಿಗೆ ಮುತ್ತು, ಸಕ್ಕರೆ ಎಂದು ಹೆಸರಿಡುವವರನ್ನು ಕಂಡರೆ ತೂ ಅಕ್ಕನಿಗೆ ಆಗದು. ಇದನ್ನು 'ಹಿರಿಯಳು' ಅನ್ನುತ್ತಾಳೆ, ಅಷ್ಟೇ.

ಮಹಡಿ ಹತ್ತಿ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಪಾಪ, ಒಂಟಿ ಒಂಟಿಯಾಗಿ ಇಟ್ಟಿದ್ದೀರಲ್ಲ, ಬೇಜಾರಾಗಲ್ವಾ ಇವಕ್ಕೆ?"

"ನಿಮಗೆ ಬೇಜಾರಾಗ್ತಿದ್ರೆ ಕೆಳಗಿಳೀರಿ. ಅದಕ್ಕೇನೂ ಆಗ್ತಿಲ್ಲ," ಅನ್ನುತ್ತಾಳೆ ತೂ ಅಕ್ಕ.

ಊರಿನಲ್ಲಿ ಜೇಡ ಸಾಕುವವರ ಬಳಗವೊಂದಿದೆ. ಹನ್ನೆರಡು ಜನ. ತಿಂಗಳಿಗೊಂದು ಭಾನುವಾರ ಕೋ ಪಿ-ಲಿಯೆನ್ ಎಂಬಾಕೆಯ ಶಾವಿಗೆ ಗಂಜಿಯ ಅಂಗಡಿಯಲ್ಲಿ ಸೇರುತ್ತಾರೆ. ಪಿ-ಲಿಯೆನ್ ಒಳ್ಳೆಯ ಹೆಂಗಸು. ಬಂದವರ ಬಟ್ಟಲಿಗೆ ಕೇಳದೆಯೇ ಇನ್ನೊಂದು ಸೌಟು ಸುರಿಯುವವಳು, ಯಾರಿಗೂ ಇಲ್ಲ ಅನ್ನಲಾರದವಳು. ತೂ ಅಕ್ಕನ ಪ್ರಕಾರ ಅದು ಗುಣವಲ್ಲ, ಕಾಯಿಲೆ.

ಬಳಗದ ಅಧ್ಯಕ್ಷ ನಿಯೆನ್ ಯಾವ್-ತ್ಸುಂಗ್. ಮದುವೆ ಊಟದ ಹಾಲ್‌ಗಳಲ್ಲಿ ಮೈಕ್ ಹಿಡಿದು ವಧೂವರರನ್ನು ಹೊಗಳುವುದು ಅವನ ಕಸುಬು. ಜೇಡ ಸಾಕಲು ಶುರುಮಾಡಿ ಎರಡು ವರ್ಷವಾಗಿತ್ತು, ಅಷ್ಟರಲ್ಲಿ ನಾಲ್ಕನ್ನು ಸಾಯಿಸಿದ್ದ. ಆದರೂ ಅವನನ್ನೇ ಆರಿಸಿದರು, ಏಕೆಂದರೆ ಉಳಿದ ಹನ್ನೊಂದು ಜನರಿಗೆ ಎದ್ದು ನಿಂತು ಮಾತಾಡಲು ಬರುತ್ತಿರಲಿಲ್ಲ. ಅವನ ನಗುವಿನ ಮುಂದಿನ ನಾಲ್ಕು ಹಲ್ಲು ತೂ ಅಕ್ಕನ ಕೈಕೆಲಸ. ಅವನು ನಕ್ಕಾಗೆಲ್ಲ ತನ್ನ ಒಳ್ಳೆಯ ಕೆಲಸ ಎಂಥ ಜಾಗಕ್ಕೆ ಹೋಗಿ ಸೇರಿತಲ್ಲ ಎಂದು ಆಕೆಗೆ ಹೊಟ್ಟೆ ಉರಿಯುತ್ತಿತ್ತು.

ಆ ಭಾನುವಾರ ನಿಯೆನ್ ಎದ್ದು ನಿಂತ. ಚಾಂಗ್‌ಹುವಾ ನಗರದ ದೊಡ್ಡ ಮಳಿಗೆಯೊಂದರಲ್ಲಿ ಹತ್ತು ದಿನದ ಸಾಕುಪ್ರಾಣಿ ಪ್ರದರ್ಶನ, ಬಳಗಕ್ಕೂ ಜಾಗ ಸಿಕ್ಕಿದೆ ಎಂದ. "ಸಣ್ಣ ಸಣ್ಣ ಡಬ್ಬಿ ಸಾಲಾಗಿ ಇಟ್ರೆ ಔಷಧಿ ಅಂಗಡಿ ಥರ ಕಾಣುತ್ತೆ. ಅದಕ್ಕೇ ಒಂದು ದೊಡ್ಡ ಗಾಜಿನ ಪೆಟ್ಟಿಗೆ ಮಾಡಿಸ್ತಿದ್ದೀನಿ. ಎಂಟು ಜೇಡ, ನಾಲ್ಕು ಜಾತಿ, ಒಂದೇ ಸೂರು! ಒಂದೇ ಸಂಸಾರ!"

ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ತೂ ಅಕ್ಕ ಚಮಚ ಕೆಳಗಿಟ್ಟಳು.

"ಅಧ್ಯಕ್ಷರೇ, ಒಂದು ಅನುಮಾನ. ಹತ್ತನೇ ದಿನ ಪೆಟ್ಟಿಗೇಲಿ ಎಷ್ಟಿರಬೇಕು?"

"ಎಂಟೇ, ತೂ ಅಕ್ಕ."

"ಹಾಗಾದ್ರೆ ಪ್ಲಾಸ್ಟಿಕ್‌ದು ತಗೊಂಡು ಬನ್ನಿ."

ನಿಯೆನ್ ಬಿಡಲಿಲ್ಲ. ಫೋನ್ ತೆಗೆದು ಒಂದು ವೀಡಿಯೋ ತೋರಿಸಿದ. ನೀಲಿ ಕಾಲಿನ ಜೇಡಗಳು ಇಪ್ಪತ್ತು ಮೂವತ್ತು ಒಂದೇ ಬಲೆಯಲ್ಲಿ ಒಂದರ ಮೇಲೊಂದು ಓಡಾಡುತ್ತಿದ್ದವು. "ನೋಡಿ ಅಕ್ಕ, ವಿದೇಶದವರು ಇಟ್ಟಿದ್ದಾರೆ. ಆಗಲ್ಲ ಅಂತೀರಲ್ಲ!"

"ಅವು ಸೊಕೋತ್ರಾ ದ್ವೀಪದ್ದು. ಒಂದೇ ತಾಯಿ ಗೂಡಿನ ಮರಿ, ಕಣ್ಣು ಬಿಟ್ಟಾಗಿಂದ ಒಟ್ಟಿಗೆ ಬೆಳೆದಿದ್ದಾವೆ. ನೀವು ಇಡಬೇಕು ಅಂತಿರೋದು ಮೆಕ್ಸಿಕೋದ್ದೊಂದು, ಚಿಲಿದೊಂದು, ಬ್ರೆಜಿಲ್‌ದೊಂದು. ಇವಕ್ಕೆ ಪಕ್ಕದಲ್ಲಿ ಅಲ್ಲಾಡಿದ್ದೆಲ್ಲ ಊಟ. ಪೊರೆ ಕಳಚೋವಾಗಂತೂ ಮೈ ಬೆಣ್ಣೆ ಥರ ಇರುತ್ತೆ, ಹಲ್ಲು ಕೂಡ ಮೆತ್ತಗೆ. ಒಂದು ಜಿರಳೆ ಬಂದು ಕಚ್ಚಿದ್ರೂ ಸಾಯುತ್ತೆ. ಆಗ ಪಕ್ಕದ ಮನೆಯೋರು ಬಾಣಂತನ ಮಾಡ್ತಾರಾ? ಇನ್ನು ಆ ನೀಲಿದೂ ಅಷ್ಟೇ. ಇವತ್ತು ತಿಂದಿಲ್ಲ, ನಾಳೆ ತಿನ್ನುತ್ತೆ. ಜೇಡ ಅಂದ್ಮೇಲೆ ಜೇಡ."

"ಹೊಟ್ಟೆ ತುಂಬ ಹಾಕಿದ್ರೆ ಯಾಕೆ ತಿನ್ನುತ್ತೆ?"

"ನಿಮ್ಮ ಮದುವೆ ಹಾಲ್‌ನಲ್ಲಿ ಹನ್ನೆರಡು ಬಗೆ ಬಡಿಸಿದ ಮೇಲೂ ಜನ ಉಳಿದಿದ್ದನ್ನ ಚೀಲಕ್ಕೆ ತುಂಬ್ಕೊಂಡು ಹೋಗಲ್ವಾ?"

ಎಲ್ಲರೂ ನಕ್ಕರು. ನಿಯೆನ್ ಕೂಡ ನಕ್ಕ, ಆ ನಾಲ್ಕು ಹಲ್ಲು ತೋರಿಸಿ. ಆಮೇಲೆ ಮೆಲ್ಲಗೆ ಕೇಳಿದ: "ನಿಮ್ಮ ಹಿರಿಯಳನ್ನ ಹತ್ತು ದಿನಕ್ಕೆ ಕೊಡಿ ಅಕ್ಕ. ಅವಳಿದ್ರೆ ಪೆಟ್ಟಿಗೆಗೆ ಒಂದು ಕಳೆ."

"ನಿನ್ನ ನಾಲಿಗೆ ಕೊಡು, ನನ್ನ ಬಾಗಿಲು ಒರೆಸಕ್ಕೆ ಬೇಕು," ಎಂದು ತೂ ಅಕ್ಕ ಎದ್ದು ಹೋದಳು.

ದಾರಿಯುದ್ದಕ್ಕೂ ಆಕೆಗೆ ಸಿಟ್ಟು ಇಳಿಯಲಿಲ್ಲ. ಅದಕ್ಕೊಂದು ಕಾರಣವಿತ್ತು, ಯಾರಿಗೂ ಹೇಳಿರಲಿಲ್ಲ. ಜೇಡ ಸಾಕಲು ಶುರುಮಾಡಿದ ಎರಡನೇ ವರ್ಷ, ಚಿಲಿಯ ಎರಡು ಜೇಡಗಳನ್ನು ಆಕೆಯೇ ಒಂದು ಪೆಟ್ಟಿಗೆಗೆ ಹಾಕಿದ್ದಳು. ಒಂಟಿಯಾಗಿವೆಯಲ್ಲ ಎಂಬ ಕರುಣೆಯಿಂದಲೇ. ಮೂರು ತಿಂಗಳು ಏನೂ ಆಗಲಿಲ್ಲ; ಎರಡೂ ಒಂದೊಂದು ಮೂಲೆ ಹಿಡಿದು ಕೂತಿದ್ದವು, ಆಕೆ ಅದನ್ನೇ ಸ್ನೇಹ ಎಂದುಕೊಂಡಳು. ನಾಲ್ಕನೇ ತಿಂಗಳು ಒಂದು ಪೊರೆ ಕಳಚಲು ಅಂಗಾತ ಮಲಗಿತು. ಬೆಳಿಗ್ಗೆ ನೋಡಿದರೆ ಪೊರೆಯಿದೆ, ಜೇಡವಿಲ್ಲ, ಇನ್ನೊಂದರ ಹೊಟ್ಟೆ ದ್ರಾಕ್ಷಿಯಂತೆ ಬಿಗಿದಿದೆ. ಆ ಮೂರು ತಿಂಗಳ ತನ್ನ ದಡ್ಡತನವನ್ನು ಆಕೆ ಎಂದೂ ಕ್ಷಮಿಸಲಿಲ್ಲ. ಅದೇ ದಡ್ಡತನ ಬೇರೆಯವರ ಬಾಯಿಂದ ಬಂದಾಗ ಆಕೆಗೆ ಎರಡು ಪಟ್ಟು ಅಸಹ್ಯವಾಗುತ್ತಿತ್ತು.

ಮಾರ್ಚಿನಲ್ಲಿ ಆಕೆಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಹನ್ನೆರಡು ದಿನ ಆಸ್ಪತ್ರೆ. ಮನೆಯ ಬೀಗದ ಕೈಯನ್ನು ಪಿ-ಲಿಯೆನ್ ಕೈಗೆ ಕೊಟ್ಟಳು. ಬೇರೆ ಯಾರಿದ್ದರು? "ವಾರಕ್ಕೊಂದು ಸಲ ನೀರು. ಜಿರಳೆ ಒಂದೊಂದು. ಮುಚ್ಚಳ ತೆಗೆದು ಮಾತಾಡಿಸಬೇಡ," ಎಂದಿದ್ದಳು.

ಕೋಲೂರಿ ಮನೆಗೆ ಬಂದ ದಿನವೇ ಕುಂಟುತ್ತ ಮಹಡಿ ಹತ್ತಿದಳು. ಇಪ್ಪತ್ತಾರು ಪೆಟ್ಟಿಗೆ ಸರಿಯಾಗಿದ್ದವು. ಹಿರಿಯಳ ಪೆಟ್ಟಿಗೆಯಲ್ಲಿ ತೊಗಟೆಯೂ ನೀರೂ ಮಾತ್ರ ಇದ್ದವು. ಕೆಳಗೆ ನಿಂತಿದ್ದ ಪಿ-ಲಿಯೆನ್ ಆಗಲೇ ಅಳುತ್ತಿದ್ದಳು.

"ಫೋಟೋ ತೆಗೆದು ವಾಪಸ್ ತರ್ತೀನಿ ಅಂದ್ರು ಅಕ್ಕ. ಅಧ್ಯಕ್ಷರು ಕೇಳ್ದಾಗ ಹೇಗೆ ಇಲ್ಲ ಅನ್ನೋದು?"

"ಯಾವತ್ತು?"

"ಒಂಬತ್ತು ದಿನ ಆಯ್ತು."

"ಬಾಯಿ ಇದೆ ಅಲ್ವೇನೇ ನಿನಗೆ? ಇಲ್ಲ ಅನ್ನೋದು ಒಂದೇ ಮಾತು. ಅದಕ್ಕೆ ಹಲ್ಲೂ ಬೇಕಾಗಿಲ್ಲ." ಬೀಗದ ಕೈ ಕಿತ್ತುಕೊಂಡು ತೂ ಅಕ್ಕ ಚಾಂಗ್‌ಹುವಾ ಬಸ್ಸು ಹತ್ತಿದಳು. ಪಿ-ಲಿಯೆನ್ ಅಳುತ್ತಲೇ ಹಿಂದಿನಿಂದ ಹತ್ತಿ ಬೇರೆ ಸೀಟಿನಲ್ಲಿ ಕೂತಳು.

ಮಳಿಗೆಯ ನೆಲಮಹಡಿಯಲ್ಲಿ ಜನ ಕಿಕ್ಕಿರಿದಿದ್ದರು. ನಡುವೆ ಮದುವೆ ಮಂಟಪದಂತೆ ದೀಪ ಹಚ್ಚಿದ ಗಾಜಿನ ಪೆಟ್ಟಿಗೆ, ಪಕ್ಕದಲ್ಲಿ ಮೈಕ್ ಹಿಡಿದ ನಿಯೆನ್. ಕುತ್ತಿಗೆಯೂ ಮುಂಗೈಯೂ ಕೆಂಪಗೆ ದದ್ದೆದ್ದಿದ್ದವು. ಜೇಡ ಹಿಡಿಯಲು ಹೋದಾಗ ಅವು ಹೊಟ್ಟೆಯ ರೋಮ ಕೆರೆದು ಹಾರಿಸಿದ್ದವು. ಒಂದು ಕೈಯಲ್ಲಿ ಮೈಕ್, ಇನ್ನೊಂದರಲ್ಲಿ ತುರಿಕೆ. "ಇಲ್ಲಿ ಜಗಳವಿಲ್ಲ, ಭೇದವಿಲ್ಲ," ಅನ್ನುತ್ತಿದ್ದ.

ತೂ ಅಕ್ಕ ಗಾಜಿಗೆ ಮೂಗು ತಾಗಿಸಿ ನೋಡಿದಳು. ಮೇಲ್ಮೂಲೆಯಲ್ಲಿ ಮರ ಹತ್ತುವ ಜಾತಿಯದೊಂದು ಮುಚ್ಚಳಕ್ಕೆ ಅಂಟಿಕೊಂಡಿತ್ತು, ಕೆಳಗಿಳಿಯುವ ಧೈರ್ಯವೇ ಇಲ್ಲದಂತೆ. ಇನ್ನೊಂದು ನೀರಿನ ತಟ್ಟೆಯ ಪಕ್ಕ ಮುದುಡಿತ್ತು.

"ಸಂಸಾರದಲ್ಲಿ ಇಬ್ಬರೇ ಕಾಣ್ತಿದ್ದಾರಲ್ಲ ಅಧ್ಯಕ್ಷರೇ. ಉಳಿದವರು ಮದುವೆಗೆ ಹೋಗಿದ್ದಾರಾ?"

ನಿಯೆನ್ ಮೈಕ್ ಆಫ್ ಮಾಡಿದ. "ನಾಚಿಕೆ ಅಕ್ಕ ಅವಕ್ಕೆ. ತೊಗಟೆ ಕೆಳಗೆ ಇದ್ದಾವೆ."

"ತೆಗಿ."

"ಇಷ್ಟು ಜನರ ಮುಂದೆ..."

"ತೆಗಿ ಅಂದೆ."

ಅವನು ತೆಗೆಯಲಿಲ್ಲ. ತೂ ಅಕ್ಕ ಕೋಲನ್ನು ಪಿ-ಲಿಯೆನ್ ಕೈಗೆ ಕೊಟ್ಟು, ಬದಿಯ ಬಾಗಿಲು ಸರಿಸಿ, ಉದ್ದ ಚಿಮುಟದಿಂದ ತೊಗಟೆಯನ್ನು ಎತ್ತಿದಳು. ಅಡಿಯಲ್ಲಿ ಐದು ಕಪ್ಪು ಉಂಡೆಗಳು ಬಿದ್ದಿದ್ದವು, ಹುಣಸೆಬೀಜದಷ್ಟು ದೊಡ್ಡವು: ಜಗಿದು, ರಸ ಹೀರಿ, ಉಗಿದದ್ದು. ಒಂದರಿಂದ ಒಂದು ಕಾಲಿನ ತುದಿ ಚಾಚಿತ್ತು. ಉಂಡೆಗಳ ನಡುವೆ ಹಿರಿಯಳು ಕೂತಿದ್ದಳು. ಹೊಟ್ಟೆ ಊದಿ ನೆಲಕ್ಕೆ ತಾಗಿತ್ತು. ಎಡಗಡೆ ಎರಡು ಕಾಲಿರಲಿಲ್ಲ.

ಸುತ್ತ ನಿಂತ ಜನ ಫೋನ್ ಎತ್ತಿ ಹಿಡಿದರು. ನಿಯೆನ್‌ನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ನಿಮ್ಮ ಮುದುಕಿ ಕೊಲೆಗಡುಕಿ ಅಕ್ಕ! ಐದು ಜೇಡ! ನನ್ನ ಬ್ರೆಜಿಲ್‌ದೂ ತಿಂದಿದ್ದಾಳೆ!"

"ಯಾರು ಯಾರನ್ನ ತಿಂದ್ರು ಅಂತ ಅವಕ್ಕೇ ಗೊತ್ತು. ಅವಳ ಕಾಲು ಯಾರು ತಿಂದ್ರು, ನೀನಾ? ಊಟದ ಮೇಜಿನ ಮೇಲೆ ಎಂಟು ಜನರನ್ನ ಕೂರಿಸಿ, ಊಟಾನೂ ನೀವೇ ಅಂತ ಹೇಳಿದೋನು ನೀನು. ಒಂಬತ್ತು ದಿನ ಪಕ್ಕದಲ್ಲೇ ನಿಂತು ಬಡಬಡಿಸಿದೀಯ, ಒಂದು ಸಲ ಎಣಿಸಕ್ಕಾಗಲಿಲ್ವಾ? ಎಂಟರವರೆಗೆ ಎಣಿಸಕ್ಕೆ ಬರಲ್ವಾ?"

ಪಿ-ಲಿಯೆನ್ ಚೀಲದಲ್ಲಿದ್ದ ಗಂಜಿಯ ಖಾಲಿ ಡಬ್ಬಿ ಕೊಟ್ಟಳು. ಹಿರಿಯಳನ್ನು ಅದರೊಳಗೆ ಇಳಿಸಿಕೊಂಡು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತೂ ಅಕ್ಕ ಬಸ್ಸಿನಲ್ಲಿ ಕೂತಳು. ಗೆದ್ದಿದ್ದಳು. ಉಂಡೆಗಳನ್ನು ಎಣಿಸುವಾಗ ಒಳಗೊಳಗೇ ಸಿಹಿಯಾಗಿತ್ತು ಕೂಡ. ಈಗ ಆ ಆರು ಕಾಲು ಡಬ್ಬಿಯ ಗೋಡೆ ತಡವುತ್ತಿರುವ ಸದ್ದು ಕೇಳಿ ಆ ಸಿಹಿ ಉಳಿಯಲಿಲ್ಲ.

ಮುಂದಿನ ಭಾನುವಾರ ಬಳಗದಲ್ಲಿ ನಿಯೆನ್, "ಪ್ರಯಾಣದ ಆಯಾಸದಿಂದ ಕೆಲವು ಸದಸ್ಯರನ್ನು ಕಳೆದುಕೊಂಡೆವು," ಎಂದು ವರದಿ ಓದಿದನಂತೆ. ಚಪ್ಪಾಳೆ ಬಿತ್ತಂತೆ. ತೂ ಅಕ್ಕ ಹೋಗಿರಲಿಲ್ಲ. ಆಮೇಲೂ ಹೋಗಲಿಲ್ಲ. ಗಂಜಿಯ ಅಂಗಡಿಯ ಕಡೆ ತಲೆ ಹಾಕಲಿಲ್ಲ; ಪಿ-ಲಿಯೆನ್ ಬಂದು ಬಾಗಿಲಿಗೆ ನೇತು ಹಾಕಿ ಹೋದ ಗಂಜಿ ಡಬ್ಬಿಗಳನ್ನು ಮಾತ್ರ ತೊಳೆದು ಹೊರಗಿಡುತ್ತಿದ್ದಳು. ತೊಳೆಯುವ ಮುಂಚೆ ತಿನ್ನುತ್ತಿದ್ದಳು ಅಂತಲೇ ಅರ್ಥ. ಹಿರಿಯಳು ಏಳು ತಿಂಗಳು ಏನೂ ಮುಟ್ಟಲಿಲ್ಲ. ಬದುಕಿದ್ದಳು, ಅಷ್ಟೇ.

ನಿಯೆನ್ ಸುಮ್ಮನಿರುವ ಜಾತಿಯಲ್ಲ. ಯಾರೋ ಸಾಕಿದ ಒಂದೇ ಗೂಡಿನಿಂದ ಸೊಕೋತ್ರಾದ ನೀಲಿ ಮರಿಗಳನ್ನು ಹನ್ನೆರಡು ತರಿಸಿ, ಪಿ-ಲಿಯೆನ್ ಅಂಗಡಿಯ ಗೋಡೆಯ ಪಕ್ಕದಲ್ಲೇ ಒಂದು ಪೆಟ್ಟಿಗೆಯಲ್ಲಿ ಇಟ್ಟ. ತೂ ಅಕ್ಕ ಮನೆಯಲ್ಲಿ ಕೂತು ಕಾದಳು. ಒಂದು ತಿಂಗಳು ಆಯಿತು, ಆರು ತಿಂಗಳು ಆಯಿತು. ಕೆಟ್ಟ ಸುದ್ದಿ ಬರಲೇ ಇಲ್ಲ. ಒಂದು ವರ್ಷ ತುಂಬಿದ ಮೇಲೆ ತಡೆಯಲಾರದೆ, ಗಿರಾಕಿಗಳಿಲ್ಲದ ಮಧ್ಯಾಹ್ನ ನೋಡಿ ಹೋದಳು.

ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದು ಕೂತಳು. ಪಿ-ಲಿಯೆನ್ ಒಂದು ದೊಡ್ಡ ಜಿರಳೆ ಬಿಟ್ಟಳು. ನೀಲಿ ಕಾಲಿನದೊಂದು ಅದನ್ನು ಹಿಡಿಯಿತು; ಪಕ್ಕದಿಂದ ಇನ್ನೆರಡು ಬಂದು ಅದಕ್ಕೇ ಬಾಯಿ ಹಾಕಿದವು. ಒಂದನ್ನೊಂದು ಮುಟ್ಟಿದವು, ಸರಿದವು, ತಿನ್ನುತ್ತಲೇ ಇದ್ದವು. ತೂ ಅಕ್ಕ ಮೂರು ಸಲ ಎಣಿಸಿದಳು. ಹನ್ನೆರಡು.

"ಹೇಗಿದ್ದಾವೆ ಅಕ್ಕ?" ಪಿ-ಲಿಯೆನ್ ಹೆದರಿಕೊಂಡೇ ಕೇಳಿದಳು.

ತೂ ಅಕ್ಕ ಕುರ್ಚಿ ಹಿಂದಕ್ಕೆ ಸರಿಸಿದಳು. "ಈ ಒಂದು ಜಾತಿ ಮಟ್ಟಿಗೆ ನಾನು ಹೇಳಿದ್ದು ತಪ್ಪು. ಗಂಜಿ ಕೊಡು. ಆ ಮೈಕಾಸುರನಿಗೆ ಹೇಳಬೇಡ."

ಪಿ-ಲಿಯೆನ್ ಇಲ್ಲ ಅನ್ನಲಾರದವಳು ಎಂದು ಆಗಲೇ ಹೇಳಿದ್ದೇನೆ. ನಿಯೆನ್ ಕೇಳಿದ, ಆಕೆ ಹೇಳಿದಳು. ಮರುವಾರ ಪೆಟ್ಟಿಗೆಯ ಮೇಲೆ ಬಣ್ಣದ ಹಲಗೆಯೊಂದು ಬಂತು: 'ಜೇಡಗಳೂ ಕೂಡಿ ಬಾಳುತ್ತವೆ. ಹಿರಿಯ ಸಾಕಾಣಿಕೆದಾರರಾದ ತೂ ಅಕ್ಕನವರೇ ಒಪ್ಪಿದ್ದಾರೆ.'

ತೂ ಅಕ್ಕ ಊಟದ ಹೊತ್ತಿಗೇ ಬಂದಳು, ಅಂಗಡಿ ತುಂಬಿದ್ದಾಗ. ಹಲಗೆ ಕಿತ್ತು ಮಂಡಿಗೆ ಕೊಟ್ಟು ಮುರಿದಳು, ಶಸ್ತ್ರಚಿಕಿತ್ಸೆಯಾದ ಮಂಡಿಗೇ. ನೋವಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಗಂಜಿ ಡಬ್ಬಿಯ ರಟ್ಟು ತಗೊಂಡು, ಕಟ್ಟುಹಲ್ಲಿನ ಮೇಲೆ ಗಿರಾಕಿಯ ಹೆಸರು ಬರೆಯುವ ಪೆನ್ನಿನಲ್ಲಿ ಬರೆದು ಅಂಟಿಸಿದಳು: 'ಇವು ಒಂದೇ ತಾಯಿಯ ಮರಿಗಳು, ಹುಟ್ಟಿದಾಗಿನಿಂದ ಒಟ್ಟಿಗಿವೆ. ಇವತ್ತಿನವರೆಗೆ ಹನ್ನೆರಡು. ಬೇರೆ ಯಾವ ಟರಂಟುಲಾವನ್ನೂ ಹೀಗೆ ಇಡಬೇಡಿ. ಅಧ್ಯಕ್ಷರನ್ನು ಕೇಳಬೇಡಿ.'

ನಿಯೆನ್ ಕೊನೆಯ ಸಾಲನ್ನು ಮಾತ್ರ ಕತ್ತರಿಸಿ ತೆಗೆದ. ಉಳಿದದ್ದು ಈಗಲೂ ಅಲ್ಲೇ ಇದೆ.