ಕೇಸ್ ಶೀಟಿನ ಆ ನಾಲ್ಕು ಸಾಲು

ಇದನ್ನು ನಂಬಿ ಎಂದು ಯಾರನ್ನೂ ಬೇಡಿಕೊಳ್ಳುವುದಿಲ್ಲ. ಆ ಕೇಸ್ ಶೀಟನ್ನು ನಾನು ಇದೇ ಕೈಯಲ್ಲಿ ಹಿಡಿದಿದ್ದೆ, ಅಷ್ಟೇ.

ಆಗ ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂ.ಡಿ. ಓದುತ್ತಿದ್ದೆ. ಎರಡನೇ ವರ್ಷ. ಓದು ಎನ್ನುವುದು ಪ್ರಾಸ್ಪೆಕ್ಟಸ್ಸಿನ ಮಾತು. ನಿಜವಾಗಿ ಮಾಡುತ್ತಿದ್ದದ್ದು ಮೂವತ್ತಾರು ಗಂಟೆಯ ಡ್ಯೂಟಿ, ಮತ್ತು ವಿಭಾಗದ ಮುಖ್ಯಸ್ಥರಾದ ಚೀಫ್ ಬೈದದ್ದನ್ನು ಕೇಳಿಸಿಕೊಳ್ಳುವ ಕೆಲಸ.

"ನಮ್ಮ ಕಾಲದಲ್ಲಿ ನಿದ್ದೆ ಅಂತ ಒಂದು ಉಂಟು ಅಂತಲೇ ಗೊತ್ತಿರ್ಲಿಲ್ಲ" ಎನ್ನುತ್ತಿದ್ದರು ಆ ಮಹಾನುಭಾವರು. ರಾತ್ರಿ ಹತ್ತರ ನಂತರ ಅವರು ಫೋನ್ ಎತ್ತಿದ್ದನ್ನು ಮಾತ್ರ ಯಾರೂ ಕಂಡವರಿಲ್ಲ.

ಆ ವರ್ಷದ ಮಳೆಗಾಲಕ್ಕೆ ಮೊದಲು ನನ್ನ ಸೀನಿಯರ್ ಅವಿನಾಶ್ ತೀರಿಕೊಂಡಿದ್ದ. ಮೂರು ದಿನ ಸತತ ಡ್ಯೂಟಿ ಮಾಡಿ, ಬೈಕಿನಲ್ಲಿ ಮನೆಗೆ ಹೊರಟವನು ಕೂಳೂರು ಸೇತುವೆಯ ಹತ್ತಿರ ನಿದ್ದೆಗೆ ಜಾರಿ ಲಾರಿಗೆ ಗುದ್ದಿದ್ದ. ಆಸ್ಪತ್ರೆ ಏನು ಮಾಡಿತು? ಒಂದು ಭಾನುವಾರ 'ಒತ್ತಡ ನಿರ್ವಹಣೆ'ಯ ಉಪನ್ಯಾಸ ಇಟ್ಟಿತು. ರಾತ್ರಿಯಿಡೀ ದುಡಿದವರಿಗೂ ಹಾಜರಿ ಕಡ್ಡಾಯ. ಚೀಫ್ ಮುಂದಿನ ಸಾಲಿನಲ್ಲಿ ಕೂತು ಗೊರಕೆ ಹೊಡೆದರು.

ಅದಾಗಿ ಎರಡು ತಿಂಗಳು...

ತೊಕ್ಕೊಟ್ಟಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಹನೀಫ್ ತಮ್ಮ ತಾಯಿಯನ್ನು ನಮ್ಮ ವಾರ್ಡಿಗೆ ಸೇರಿಸಿದ್ದರು. ರಕ್ತದಲ್ಲಿ ಸಕ್ಕರೆ ವಿಪರೀತ ಏರಿತ್ತು. ಸಂಜೆ ಚೀಫ್ ಬಂದು ಇನ್ಸುಲಿನ್ ಡ್ರಿಪ್ಪಿನ ವೇಗ ಹೆಚ್ಚಿಸಿದರು.

"ಸರ್, ಇದು ಜಾಸ್ತಿ ಆಗ್ಲಿಕ್ಕಿಲ್ವಾ?" ಎಂದೆ.

"ಇಲ್ಲಿ ಚೀಫ್ ನೀನಾ, ನಾನಾ?"

ರಾತ್ರಿ ಎರಡೂವರೆಗೆ ನೋಡಿದಾಗ ಸಕ್ಕರೆ ಸರಿಯಾಗಿಯೇ ಇತ್ತು. ಸಿಸ್ಟರ್ ಲವೀನಾ ಪಕ್ಕದ ವಾರ್ಡಿಗೆ ಹೋದರು. ಐದೇ ನಿಮಿಷ ಎಂದುಕೊಂಡು ನಾನು ಮೇಜಿಗೆ ತಲೆಯಿಟ್ಟೆ...

ಎಚ್ಚರವಾದಾಗ ಐದು ಗಂಟೆ. ಸ್ಪಿರಿಟ್ ವಾಸನೆಯ ಜೊತೆ ಸಣ್ಣಗೆ ಪೆಟ್ರೋಲ್ ವಾಸನೆ.

ಓಡಿದೆ. ಇನ್ಸುಲಿನ್ ನಿಂತಿತ್ತು. ಗ್ಲೂಕೋಸ್ ತೊಟ್ಟಿಕ್ಕುತ್ತಿತ್ತು. ಆ ತಾಯಿ ಹಾಯಾಗಿ ಉಸಿರಾಡುತ್ತಿದ್ದರು. ಕೇಸ್ ಶೀಟಿನಲ್ಲಿ ನಾಲ್ಕು ಸಾಲು. ಮೂರು ಗಂಟೆ ಹತ್ತು ನಿಮಿಷ. ಸಕ್ಕರೆ ಮೂವತ್ತೆಂಟು. ಇನ್ಸುಲಿನ್ ನಿಲ್ಲಿಸಿ ಗ್ಲೂಕೋಸ್ ಕೊಟ್ಟಿದೆ. ಕೊನೆಯಲ್ಲಿ ಒಂದು ಸಹಿ.

ಮೂವತ್ತೆಂಟು ಎಂದರೆ, ಇನ್ನು ಸ್ವಲ್ಪ ಹೊತ್ತು ಯಾರೂ ನೋಡದಿದ್ದರೆ ಸಾವು.

ಎಡಕ್ಕೆ ವಾಲಿದ ಪುಟ್ಟ ಅಕ್ಷರ. ಒಂದು ವರ್ಷ ಆ ಅಕ್ಷರ ಓದಿಯೇ ನಾನು ಕೆಲಸ ಕಲಿತದ್ದು. ಅದು ಅವಿನಾಶನದು.

"ಇದು ಯಾರು ಬರೆದದ್ದು?" ಎಂದು ಪಕ್ಕದ ವಾರ್ಡಿನಿಂದ ಮರಳಿದ್ದ ಸಿಸ್ಟರನ್ನು ಕೇಳಿದೆ.

"ನೀವೇ ಅಲ್ವಾ ಡಾಕ್ಟ್ರೇ?" ಎಂದರು ಲವೀನಾ.

ತಾಯಿಯ ಮಂಚದ ಪಕ್ಕ ಕೂತಿದ್ದ ಹನೀಫ್ ಅಲ್ಲವೆಂದು ತಲೆಯಾಡಿಸಿದರು. "ಇವರಲ್ಲ. ಒಬ್ರು ಗಂಡಸು ಡಾಕ್ಟ್ರು. ಉಮ್ಮ ಬೆವರ್ತಾ ಇದ್ರು, ಇವರನ್ನು ಎಬ್ಬಿಸ್ಲಿಕ್ಕೆ ಹೋದೆ. ಅವರು ಹಿಂದಿನಿಂದ ಬಂದು, ಪಾಪ ಮಲಗ್ಲಿ, ನಾನು ನೋಡ್ತೇನೆ ಅಂದ್ರು."

ಬೆಳಿಗ್ಗೆ ರೌಂಡ್ಸಿಗೆ ಬಂದ ಚೀಫ್ ಹಾಳೆ ಓದಿದರು. ಸಹಿಯ ಮೇಲೆ ಅವರ ಕಣ್ಣು ನಿಂತಿತು. ಮುಖ ಬಿಳಿಚಿತು... ಈಗಲಾದರೂ ಈ ಮನುಷ್ಯ ಮನುಷ್ಯನಂತೆ ಒಂದು ಮಾತಾಡಬಹುದು ಎಂದುಕೊಂಡೆ.

"ನನ್ನ ಆರ್ಡರ್ ಚೇಂಜ್ ಮಾಡ್ಲಿಕ್ಕೆ ಇವನಿಗೆ ಯಾರು ಪರ್ಮಿಶನ್ ಕೊಟ್ಟದ್ದು?"

ಇವನಿಗೆ ಎಂದರು. ಇವಳಿಗೆ ಎನ್ನಲಿಲ್ಲ.

ಹಾಳೆಯನ್ನು ಕಿತ್ತು, ಮಡಚಿ ಕೋಟಿನ ಜೇಬಿಗಿಟ್ಟುಕೊಂಡರು. "ನಿನ್ನ ಹೆಸರಲ್ಲಿ ಬೇರೆ ಬರೆದು ಹಾಕು" ಎಂದರು. ಮಲಗಿದ್ದಕ್ಕೆ ಶಿಕ್ಷೆಯಾಗಿ ನನಗೆ ಇನ್ನೆರಡು ನೈಟ್ ಹಾಕಿದರು. ಸತ್ತವನಿಗೆ ಹೆದರಿದ ಮನುಷ್ಯ, ಬದುಕಿರುವವಳಿಗೆ ಒಂದು ರಾತ್ರಿಯ ನಿದ್ದೆ ಕೊಡಲಿಲ್ಲ.

ಡಿಸ್ಚಾರ್ಜ್ ದಿನ ಹನೀಫ್ ನನ್ನ ಹತ್ತಿರ ಬಂದು ತಡವರಿಸಿದರು.

"ಆ ಡಾಕ್ಟ್ರು ಹೋಗುವಾಗ ಒಂದು ಮಾತು ಕೇಳಿದ್ರು... ನನ್ನ ಡ್ಯೂಟಿ ಎಷ್ಟು ಗಂಟೆಗೆ ಮುಗಿತದೆ, ನಿಮಗೆ ಗೊತ್ತುಂಟಾ ಅಂತ. ನನಗೆಂತ ಗೊತ್ತು? ಬೆಳಿಗ್ಗೆ ಇರ್ಬೇಕು ಅಂದೆ. ಅವರು ಹೊರಗೆ ಹೋಗದೆ ಪಕ್ಕದ ಬೆಡ್ಡಿನ ಕೇಸ್ ಶೀಟ್ ತೆಗೆದು ನೋಡ್ಲಿಕ್ಕೆ ಸುರು ಮಾಡಿದ್ರು."

ಈಗ ನಾನು ಬಜಪೆಯಲ್ಲಿ ಕ್ಲಿನಿಕ್ ನಡೆಸುತ್ತೇನೆ. ಆ ವಾರ್ಡಿನ ಕಿರಿಯರಿಗೆ ಫೋನ್ ಮಾಡಿ, ಅವನು ಇನ್ನೂ ಬರುತ್ತಾನೆಯೇ ಎಂದು ಕೇಳಬೇಕೆನಿಸುತ್ತದೆ. ನಂಬರ್ ಒತ್ತುತ್ತೇನೆ... ರಿಂಗ್ ಆಗುವ ಮೊದಲೇ ಕಟ್ ಮಾಡುತ್ತೇನೆ.