ಎದುರುಬದುರಿನ ವಿಡಿಯೋ ಗೇಮ್ ಅಂಗಡಿಗಳು

ಮಗನಿಗೆ ಕಂಪ್ಯೂಟರ್ ಗೇಮ್ ಆಡಲು ಬೇಕಾದ ಗ್ರಾಫಿಕ್ಸ್ ಕಾರ್ಡ್ ಕೊಡಿಸಲು ಹೋಗಿದ್ದೆ. ಅಂಗಡಿಯವನು ಹೊಸ ಡಬ್ಬಿ ತೆರೆದಾಗ ಬಂದ ಪ್ಲಾಸ್ಟಿಕ್ ವಾಸನೆ ನನ್ನನ್ನು ಸಿಂದಗಿಯ ಬಾಲ್ಯಕ್ಕೆ ಎಳೆದೊಯ್ದಿತು.

ಅಲ್ಲಿ ಎದುರುಬದುರು ಎರಡು ವಿಡಿಯೋ ಗೇಮ್ ಅಂಗಡಿಗಳಿದ್ದವು. ಒಬ್ಬರು ಆಟದ ದರ ಇಳಿಸಿದರೆ ಇನ್ನೊಬ್ಬರು ಆಟದ ಜೊತೆ ಪೆಪ್ಪರಮಿಂಟು ಕೊಡುತ್ತಿದ್ದರು. ಕೊನೆಗೆ ಒಬ್ಬರ ಮಗಳನ್ನು ಇನ್ನೊಬ್ಬರ ಮಗನಿಗೆ ಕೊಟ್ಟರು. ಮದುವೆಯಲ್ಲಿ ನಾವು ಹುಡುಗರು ಖುಷಿಯಿಂದ ಅಕ್ಕಿಕಾಳು ಹಾಕುತ್ತಿದ್ದೆವು. ಎರಡು ಅಂಗಡಿಯಲ್ಲಿ ದರ ಕೇಳದೆ ಸೂಜಿಯನ್ನೂ ಕೊಳ್ಳದ ನಮ್ಮಜ್ಜ ನಕ್ಕ.

"ಹಾಕ್ರಿ, ಹಾಕ್ರಿ. ನಾಳಿಂದ ನಿಮ್ಮ ಆಟ ತುಟ್ಟಿ ಆಗ್ತೈತಿ."

ಹಾಗೆಯೇ ಆಯಿತು. ಪೆಪ್ಪರಮಿಂಟೂ ನಿಂತಿತು.

"ಮತ್ತ ರೇಟ್ ಏರೈತ್ರಿ ಸರ," ಕಾರ್ಡ್ ಮಾರುವವನ ದನಿಗೆ ಎಚ್ಚರವಾಯಿತು. "ಏನ್ ಮಾಡೂದ್ರಿ, ಹೇಳ್ಕೊಳ್ಳಾಕ ಈ ಕಾರ್ಡಿನ ಕಂಪನಿ ಎರಡ ಅದಾವ."

"ಅವರೂ ಬೀಗರಾಗ್ಯಾರೇನಪಾ?" ಎಂದೆ.