ಕ್ಯಾಸನೂರಿನ ಜಗಲಿಯಲ್ಲಿ ಡೋಲ್ಮಾ

ಬೆಳಿಗ್ಗೆ ಶಿಕಾರಿಪುರ ಬಿಟ್ಟು ಸೊರಬ ತಾಲ್ಲೂಕಿನ ಕ್ಯಾಸನೂರಿಗೆ ಬಂದೆ. ಶಾಲೆಯ ಜಗಲಿಯಲ್ಲಿ ಟಿಬೆಟಿನ ವೃದ್ಧ ಸನ್ಯಾಸಿನಿಯೊಬ್ಬರು ಕೂತು, ಸೌದೆಗೆ ಹೊರಟ ಹೆಂಗಸರ ಕಾಲಿಗೆ ಉಣುಗು ಹತ್ತದಂತೆ ಎಣ್ಣೆ ಹಚ್ಚುತ್ತಿದ್ದರು. ಹೆಸರು ಡೋಲ್ಮಾ. ಮುಂಡಗೋಡಿನ ಟಿಬೆಟನ್ ಕಾಲೊನಿಯಲ್ಲಿ ನರ್ಸ್ ಆಗಿದ್ದವರು. ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲದಲ್ಲಿ ವಾರಕ್ಕೊಮ್ಮೆ ಇಲ್ಲಿಗೆ ಬರುತ್ತಾರಂತೆ.

ಆ ಹೆಂಗಸರಲ್ಲಿ ಗಂಗಮ್ಮ ಎಂಬಾಕೆ ಕಾಲು ಹಿಂದಕ್ಕೆಳೆದುಕೊಂಡಳು. ಹೋದ ವರ್ಷ ಇದೇ ಕಾಯಿಲೆಗೆ ಅವಳ ಮಗಳು ತೀರಿಕೊಂಡಿದ್ದಳು.

“ದೇವರೇ ಕೇಳ್ಲಿಲ್ಲ ಬಿಡ್ರೀ. ನಿಮ್ಮ ಎಣ್ಣೆ ಏನ್ ಮಾಡ್ತದೆ?”

ಡೋಲ್ಮಾ ಬಟ್ಟಲು ಕೆಳಗಿಟ್ಟರು.

“ಚೀನಾದವರ ಜೈಲಲ್ಲಿ ಒಂಬತ್ತು ವರ್ಷ ಇದ್ದೆನಮ್ಮ. ಧರ್ಮ ಬಿಟ್ಟೆ ಅಂತ ಬರೆದುಕೊಡು, ಮನೆಗೆ ಕಳಿಸ್ತೀವಿ ಅಂತಿದ್ರು. ನಾನು ಬರೀಲಿಲ್ಲ. ತುಟಿ ಅಲುಗಿದ್ರೆ ಹೊಡೀತಿದ್ರು, ಅದಕ್ಕೆ ಬಾಯಿ ಮುಚ್ಚಿ ಜಪ ಮಾಡೋದು ಕಲಿತೆ. ಪಕ್ಕದಲ್ಲಿ ಮಲಗ್ತಿದ್ದವಳು ಜ್ವರ ಬಂದು ನನ್ನ ಕಣ್ಣೆದುರೇ ಹೋದ್ಲು. ಕೊಡೋಕೆ ಒಂದು ಮಾತ್ರೆ ಇರ್ಲಿಲ್ಲ. ಹೊರಗೆ ಬಂದವಳೇ ನರ್ಸ್ ಕೆಲಸ ಕಲಿತೆ.”

ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ನಾನು ಬೆರಗಾಗಿ ನೋಡುತ್ತಾ ನಿಂತೆ.

“ಅವಳು ಹೋದ ಮೇಲೂ ಜಪ ಮಾಡಿದ್ರಾ?” ಗಂಗಮ್ಮ ಕೇಳಿದಳು.

“ಆ ದಿನ ಆಗ್ಲಿಲ್ಲ. ಮಾರನೇ ದಿನ ಅವಳಿಗೋಸ್ಕರ ಶುರು ಮಾಡಿದೆ. ಇವತ್ತಿಗೂ ಅವಳ ಹೆಸರು ಹೇಳ್ತೀನಿ.”

ಗಂಗಮ್ಮ ನಿಧಾನವಾಗಿ ಕಾಲು ಮುಂದೆ ಚಾಚಿದಳು.

“ನನ್ನ ಮಗಳ ಹೆಸರು ಸುಜಾತ ರೀ.”

ಆ ಹೆಸರಿಗೆ ಡೋಲ್ಮಾರ ನಾಲಿಗೆ ಸರಿಯಾಗಿ ಹೊರಳಲಿಲ್ಲ. ಇನ್ನೊಮ್ಮೆ ಹೇಳಿಸಿಕೊಂಡರು. ಮೂರನೇ ಸಲಕ್ಕೆ ಸರಿಯಾಯಿತು.